ಕೇಳದೆ ಕೇಳಿಸಿದ ಹಾಡು

ಈಗಿನ ಹುಡುಗರು ರೇಡಿಯೊ ಕೇಳುವುದಿಲ್ಲ ಎಂಬ ದೂರು ಹೊಸದೇನಲ್ಲ. 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಆಗುತ್ತಿರಲಿಲ್ಲ. ಆಕಾಶವಾಣಿಯಲ್ಲಿ ಅವು ಕಡಿಮೆಯಾದವು. ಹುಡುಗ ಹುಡುಗಿಯರು ರೇಡಿಯೊದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಅಲ್ಲಿ ಆ ವರ್ಷವೇ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಶುರುವಾಯಿತು. ಕೊನೆಗೆ 1957ರಲ್ಲಿ ಆಕಾಶವಾಣಿಯೇ ಮಣಿದು ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು.

ಆದುದರಿಂದ ಎಳೆಯರನ್ನು ಬೈಯುವ ಮೊದಲು ಅವರಿಗೆ ನಾವು ಏನನ್ನು ಕೇಳಿಸಿದೆವು ಎಂದು ನೋಡಬೇಕು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ರೇಡಿಯೊ ಸಿಟಿ ಬೆಂಗಳೂರಿನಲ್ಲಿ ಆರಂಭವಾಯಿತು. ಸ್ವಂತ ಸುದ್ದಿ ಹೇಳಲು ಖಾಸಗಿ ಎಫ್‌ಎಂಗಳಿಗೆ ಸರಕಾರ ಬಿಡಲಿಲ್ಲ. ಅವೂ ಜಾಹೀರಾತು, ಹರಟೆ ಮತ್ತು ಅವೇ ಹತ್ತು ಹಿಟ್ ಹಾಡುಗಳಲ್ಲಿ ತೃಪ್ತವಾದವು. ಆ ಹತ್ತು ಹಾಡುಗಳು ಬೇಕೆಂದಾಗ ಮೊಬೈಲಿನಲ್ಲೇ ಸಿಗುವಾಗ ಹದಿನಾರರ ಹುಡುಗಿ ಎಫ್‌ಎಂ ಯಾಕೆ ಹಾಕಬೇಕು? ಮೇಲಾಗಿ ಇಯರ್‌ಫೋನಿನ ತಂತಿಯೇ ಮೊಬೈಲಿನ ಎಫ್‌ಎಂಗೆ ಆಂಟೆನಾ ಆಗಿತ್ತು. ತಂತಿ ಹೋದಂತೆ ಅನೇಕ ಮೊಬೈಲುಗಳಲ್ಲಿ ಅದೂ ಹೋಯಿತು. ಎಫ್‌ಎಂ ಮುಚ್ಚಬೇಡಿ ಎಂದು ಕೇಂದ್ರ ಸರಕಾರ 2023ರಲ್ಲಿ ಮೊಬೈಲ್ ತಯಾರಕರಿಗೆ ಸಲಹೆ ಕೊಟ್ಟಿತು. ಮುಚ್ಚದಿದ್ದರೆ ಸಾಕೇ? ಅದರಲ್ಲಿ ಕೇಳುವಂಥದ್ದು ಏನಾದರೂ ಇರಬೇಡವೇ?

ನನ್ನ ಚಿಂತೆ ಬೇರೆ. ರೇಡಿಯೊ ನಾವು ಬೇಡದ್ದನ್ನೂ ಕೇಳಿಸುತ್ತಿತ್ತು. ಉರ್ದು ಮನೆಮಾತಿನ ನಮ್ಮಂಥವರ ಮನೆಗಳಿಗೆ ಪಠ್ಯಪುಸ್ತಕದಾಚೆಯ ಕನ್ನಡ ಬಂದದ್ದು ಆ ಪೆಟ್ಟಿಗೆಯಿಂದ. ಹಾಡಿಗಾಗಿ ಕಾದು ಕೂತವರ ಕಿವಿಗೆ ಪ್ರದೇಶ ಸಮಾಚಾರ ಬಿತ್ತು, ಪೇಟೆ ಧಾರಣೆ ಬಿತ್ತು, ದಾಸರ ಪದ, ಬಾನುಲಿ ನಾಟಕ ಬಿದ್ದವು. ನನ್ನ ಕಥೆಗಳ ರೈತರು ಆಡುವ ಮಾತಿನಲ್ಲಿ ಅರ್ಧ ಕೃಷಿರಂಗದಿಂದ ಕದ್ದದ್ದು! ಪಕ್ಕದ ಮನೆಯವರಿಗೆ ರಫಿಯ ಹಾಡಿನಲ್ಲಿ ಉರ್ದು ಸಿಕ್ಕಿತು. ಯಾರೂ ಯಾರಿಗೂ ಕಲಿಸಲು ಹೋಗಲಿಲ್ಲ.

ಮೊಬೈಲು ಹಾಗಲ್ಲ. ನಿನ್ನೆ ಕೇಳಿದ್ದರ ತಮ್ಮನನ್ನು ಇವತ್ತು ತಂದು ಕೊಡುತ್ತದೆ. ನಾತ್ ಕೇಳುವವನಿಗೆ ನಾತ್, ಭಜನೆ ಕೇಳುವವನಿಗೆ ಭಜನೆ, ರ್‍ಯಾಪ್ ಕೇಳುವವಳಿಗೆ ರ್‍ಯಾಪ್. ಒಂದೇ ತರಗತಿಯಲ್ಲಿ ಕೂತ ಮೂವರೂ ಪರಸ್ಪರರ ಹಾಡನ್ನು ಕೇಳಿರುವುದಿಲ್ಲ. ದ್ವೇಷದ ಭಾಷಣವೂ ಅದೇ ದಾರಿಯಲ್ಲಿ ಕಿವಿ ಸೇರುತ್ತದೆ. ಪಕ್ಕದಲ್ಲೇ ಕೂತ ತಾಯಿಗೆ ಗೊತ್ತಾಗುವುದಿಲ್ಲ. ಆದರೂ ಒಂದನ್ನು ಅಲ್ಲಗಳೆಯಲಾರೆ: ರೇಡಿಯೊದ ಕಿವಿ ಹಿಂಡುವ ಅಧಿಕಾರ ಹೆಚ್ಚಾಗಿ ಮನೆಯ ಗಂಡಸರದಾಗಿತ್ತು. ತನಗೆ ಬೇಕಾದ ಹಾಡನ್ನು ತಾನೇ ಆರಿಸುವ ಹುಡುಗಿಗೆ ಹಳೆಯ ಪೆಟ್ಟಿಗೆಯ ಬಗ್ಗೆ ನಾಸ್ಟಾಲ್ಜಿಯಾ ಇರಬೇಕೆಂದು ನಾವು ಬಯಸುವುದು ಅನ್ಯಾಯ.

ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ಸಮುದಾಯ ಬಾನುಲಿ ರೇಡಿಯೊ ಸಾರಂಗ್ 107.8ರಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ನುಡಿಗಳು ಒಂದೇ ಅಲೆಯ ಮೇಲೆ ಬರುತ್ತವೆ. ಒಂದು ಭಾಷೆಗಾಗಿ ಹಾಕಿದವರಿಗೆ ಇನ್ನೊಂದೂ ಕೇಳಿಸುತ್ತದೆ. ಇಂಥ ಕೇಂದ್ರಗಳಿಗೆ ಸರಕಾರ ಸಾಮಾನ್ಯವಾಗಿ ಕೊಡುವ ಶಕ್ತಿ 100 ವ್ಯಾಟ್. ಬಸ್ಸು ಊರು ದಾಟಿ ತುಸು ದೂರ ಹೋಗುವಷ್ಟರಲ್ಲಿ ದನಿ ಅಡಗುತ್ತದೆ.