ಹಳಿಸಗರ ಮೊದಲೋ, ಹಸನಾಪುರ ಮೊದಲೋ?

ಶಹಾಪುರದ ಹಳಿಸಗರ, ಸುರಪುರದ ಹಸನಾಪುರ: ಈ ಎರಡು ಹೆಸರನ್ನು ಜಾವಾಸ್ಕ್ರಿಪ್ಟ್‌ನ ಬರಿಯ ಸಾರ್ಟ್‌ಗೆ ಕೊಟ್ಟು ನೋಡಿ. ಹಳಿಸಗರವೇ ಮುಂದೆ ಬರುತ್ತದೆ. ನಿಘಂಟು ತಿರುವಿ ಅಭ್ಯಾಸವಿದ್ದವರಿಗೆ ಇದು ಕಣ್ಣಿಗೆ ಚುಚ್ಚುತ್ತದೆ. ವರ್ಣಮಾಲೆಯಲ್ಲಿ ಳ ಇರುವುದು ಕಟ್ಟಕಡೆಗೆ, ಹ ಆದ ಮೇಲೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್ ಅದನ್ನು ಲ ಮತ್ತು ವ ನಡುವೆ ಕೂರಿಸಿದೆ. ಸಾರ್ಟ್‌ಗೆ ಕಾಣುವುದು ಆ ಸಂಖ್ಯೆ ಮಾತ್ರ.

ಮದ್ದೇನೋ ಇದೆ. ಭಾಷೆಗೆ ತಕ್ಕಂತೆ ವಿಂಗಡಿಸುವ, ದಿನಾಂಕ ಬರೆಯುವ ಜಾವಾಸ್ಕ್ರಿಪ್ಟ್ ಸೌಲಭ್ಯ ಇಂಟ್ಲ್. ಅದರ ಕೊಲೇಟರ್‌ಗೆ ಕನ್ನಡದ ಸಂಕೇತ ‘ಕೆಎನ್’ ಎಂದು ಹೇಳಿದರೆ ಕ್ರೋಮ್ ಹಸನಾಪುರವನ್ನು ಮುಂದೆ ತರುತ್ತದೆ. ಅದೇ ಕೋಡನ್ನು 2019ರಲ್ಲಿ ಫ್ಯಾಬ್ರಿಸ್ ಬೆಲಾರ್ಡ್ ಬಿಟ್ಟ ಪುಟ್ಟ ಎಂಜಿನ್ ಕ್ವಿಕ್‌ಜೆಎಸ್‌ಗೆ ಒಯ್ದರೆ ಅಲ್ಲಿ ಇಂಟ್ಲ್ ಎಂಬುದೇ ಇಲ್ಲ. ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ನಿಂತರೆ ಒಳ್ಳೆಯದೇ, ತಪ್ಪೆಲ್ಲಿದೆ ಎಂದು ಗೊತ್ತಾಗುತ್ತದೆ. ಕೊಲೇಟರ್ ಬದಲು ಸ್ಟ್ರಿಂಗ್‌ನದೇ ಲೋಕೇಲ್‌ಕಂಪೇರ್ ಬಳಸಿದ್ದರೆ ನಿಲ್ಲುವುದೂ ಇಲ್ಲ, ‘ಕೆಎನ್’ ಕಿವಿಗೆ ಹಾಕಿಕೊಳ್ಳದೆ ಹಳಿಸಗರವನ್ನೇ ಮೊದಲು ಮಾಡಿ ಸುಮ್ಮನಾಗುತ್ತದೆ. ನನಗೆ ಭಯ ಇಂಥದ್ದರದ್ದೇ.

ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಕಥೆಯೂ ಇಷ್ಟೇ ಕಪಟದ್ದು. 12ನೇ ಆವೃತ್ತಿಯವರೆಗೆ ಅದರ ಜೊತೆ ಬರುತ್ತಿದ್ದುದು ಇಂಗ್ಲಿಷ್ ಮಾಹಿತಿ ಮಾತ್ರ, ಎಲ್ಲ ಭಾಷೆಗಳೂ ತಾವಾಗಿ ಸೇರಿದ್ದು 2019ರ 13ರಿಂದ. ಇಂಟ್ಲ್‌ನಿಂದ ಸಂತೆಯ ದಿನ ಬರೆಸಿದರೆ ಬ್ರೌಸರ್‌ನಲ್ಲಿ ‘ಸೋಮವಾರ’ ಎಂದು ಬರುತ್ತದೆ, ಹಳೆಯ ಸರ್ವರ್ ಕಳಿಸಿದ ಪುಟದಲ್ಲಿ ‘ಮಂಡೇ’.

ಇಂಟ್ಲ್ ಇದೆಯೇ ಎಂದು ಕೇಳಿದರೆ ಆ 12 ಕೂಡ ಹೌದೆನ್ನುತ್ತದೆ. ಕೇಳಬೇಕಾದದ್ದು ಕನ್ನಡ ಬರುತ್ತದೆಯೇ ಎಂದು. ಸಪೋರ್ಟೆಡ್‌ಲೋಕೇಲ್ಸ್‌ಆಫ್ ಇರುವುದೇ ಅದಕ್ಕೆ; ಬರದಿದ್ದರೆ ಖಾಲಿ ಅರೇ ಕೊಡುತ್ತದೆ. ನೀನು ನೋಡೋ, ಡೆನೋವೋ, ಬನ್ನೋ ಎಂದು ಕುಲ ವಿಚಾರಿಸುವ ಕೋಡ್ ನನಗೆ ಸೇರುವುದಿಲ್ಲ. ನಾಳೆ ಇನ್ನೊಂದು ರನ್‌ಟೈಮ್ ಬಂದರೆ ಅದಕ್ಕೆ ಉತ್ತರವೇ ಹೊಳೆಯದು.

ಊರ ಹೆಸರಿನ ಪಟ್ಟಿಯಷ್ಟೇ ಆದರೆ ನಾನು ಇಂಟ್ಲ್‌ನ ಗೊಡವೆಗೇ ಹೋಗುವುದಿಲ್ಲ. ವರ್ಣಮಾಲೆಯನ್ನು ಒಂದು ಸ್ಟ್ರಿಂಗ್ ಮಾಡಿ ಫೈಲಿನಲ್ಲೇ ಬರೆದು, ಅದರಲ್ಲಿ ಯಾವ ಅಕ್ಷರ ಎಷ್ಟನೆಯದು ಎಂದು ಹೋಲಿಸುವ ನಾಲ್ಕಾರು ಸಾಲು. ಅರೇ ಒಳಗೆ ಬರುತ್ತದೆ, ಅರೇ ಹೊರಗೆ ಹೋಗುತ್ತದೆ. ಡಿಸ್ಕ್ ಓದುವುದು, ಪುಟಕ್ಕೆ ಬರೆಯುವುದು ಕರೆದವರ ಕೆಲಸ. ಹೋಲಿಕೆಯ ಫೈಲಿನಲ್ಲಿ ಬ್ರೌಸರ್‌ನ ವಿಂಡೋ, ನೋಡ್‌ನ ಪ್ರೋಸೆಸ್ ಎಂಬ ಹೆಸರೇ ಸುಳಿಯಬಾರದು. ಒಂದೇ ತಕರಾರು: ‘ರಂಗಂಪೇಟೆ’ಯಂಥ ಹೆಸರಿನಲ್ಲಿರುವ ಅನುಸ್ವಾರದ ಸೊನ್ನೆಗಳನ್ನು ಎಲ್ಲಿಡಬೇಕು? ಯುನಿಕೋಡ್ ಸಂಖ್ಯೆ ಹಿಡಿದರೆ ಎಲ್ಲಕ್ಕಿಂತ ಮೊದಲು, ವರ್ಣಮಾಲೆ ಹಿಡಿದರೆ ಔ ಆದ ಮೇಲೆ. ನಾನು ಔ ಆದ ಮೇಲೇ ಇಟ್ಟಿದ್ದೇನೆ.