ಚಾಲಿಯ ದರ ಚಾಲಿಯ ಸಾಲಿನಲ್ಲೇ ಇರಲಿ

ಬರಹದ ರೂಪಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಕೋಷ್ಟಕ. ನಮ್ಮ ಸೀಮೆಯಲ್ಲಿ ಜನ ದಿನಾ ಕಣ್ಣಾಡಿಸುವ ಕೋಷ್ಟಕವೆಂದರೆ ಅಡಿಕೆ ಧಾರಣೆಯದು. ಎಡಕ್ಕೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಕೋಕಾ. ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ. ಊರೂರಿಗೂ ಕ್ವಿಂಟಲ್ ಲೆಕ್ಕದ ಕನಿಷ್ಠ, ಗರಿಷ್ಠ, ಸರಾಸರಿ. ಉಮ್ಮಚಗಿಯ ಬೆಳೆಗಾರ ಮಾಲು ಯಾವ ಪೇಟೆಗೆ ಒಯ್ಯಬೇಕೆಂದು ಯೋಚಿಸುವಾಗ ಇಂಥ ಪಟ್ಟಿ ಕೈಯಲ್ಲಿದ್ದರೆ ಅನುಕೂಲ. ಆದರೆ ಬ್ರೌಸರಿನಲ್ಲಿ ಚಂದ ಕಂಡ ಪಟ್ಟಿಯನ್ನು ವರ್ಡಿಗೆ ಅಂಟಿಸಿ ನೋಡಿ: ಕೊನೆಯ ಕಾಲಂ ಕಾಗದದಾಚೆ ಹೋಗಿರುತ್ತದೆ, ಹೆಸರುಗಳು ಮುರಿದಿರುತ್ತವೆ.

ಎರಡೂ ತಂತ್ರಾಂಶಗಳು ತಮ್ಮ ತಮ್ಮ ನಿಯಮದಂತೆ ಸರಿಯಾಗಿಯೇ ನಡೆದುಕೊಂಡಿರುತ್ತವೆ. ಬ್ರೌಸರ್ ಮೊದಲು ಒಳಗಿನ ಮಾತನ್ನು ನೋಡುತ್ತದೆ. ನಾವು ಬೇರೆ ಹೇಳದಿದ್ದರೆ, ಕಾಲಮ್ಮಿನ ಅತಿ ಉದ್ದದ ಪದಕ್ಕಿಂತ ಕಾಲಮ್ಮನ್ನು ಕಿರಿದು ಮಾಡುವುದಿಲ್ಲ. ಜಾಗ ಸಾಲದಿದ್ದರೆ ಪುಟವನ್ನು ಪಕ್ಕಕ್ಕೆ ಸರಿಸಿ ಓದಬಹುದು. ಕಾಗದಕ್ಕೆ ಆ ಸೌಕರ್ಯವಿಲ್ಲ. ಎ4 ಹಾಳೆಯ ಅಗಲ 210 ಮಿ.ಮೀ.; ಎರಡು ಬದಿಗೆ ಒಂದೊಂದು ಇಂಚು ಬಿಟ್ಟರೆ ಉಳಿಯುವುದು 159. ನಮ್ಮ ಪಟ್ಟಿಗೆ ಹತ್ತು ಕಾಲಂ. ಒಂದಕ್ಕೆ 16 ಮಿ.ಮೀ. ಕೂಡ ಪೂರ್ತಿ ಬರುವುದಿಲ್ಲ, ಅದರಲ್ಲೂ ವರ್ಡ್ ಎಡಬಲಕ್ಕೆ 1.9 ಮಿ.ಮೀ.ನಂತೆ ಅಂಚು ಬಿಡುತ್ತದೆ. ಉಳಿದ 12 ಮಿ.ಮೀ.ನಲ್ಲಿ ಐದಂಕಿಯ ದರ ಹೇಗೋ ಕೂರುತ್ತದೆ, ‘ಕೆಂಪುಗೋಟು’ ಕೂರುವುದಿಲ್ಲ. ಕಾಲಂ ಅಗಲ ಬಿಗಿಮಾಡಿದ್ದರೆ ‘ಟು’ ಕೆಳಗಿನ ಸಾಲಿಗೆ ಬೀಳುತ್ತದೆ.

ಪರಿಹಾರ ಹೀಗೆ. ಮೊದಲು ಹಾಳೆಯನ್ನು ಅಡ್ಡ ಮಾಡಿ. ಬರೆಯಲು 246 ಮಿ.ಮೀ. ಸಿಗುತ್ತದೆ. ಆಮೇಲೆ ವರ್ಡಿನ ಆಟೋಫಿಟ್‌ನಲ್ಲಿ ‘ವಿಂಡೋ’ ಆಯ್ಕೆ ಒತ್ತಿ, ಪಟ್ಟಿ ಅಂಚಿನೊಳಗೆ ಬರುತ್ತದೆ. ಹೆಸರಿನ ಕಾಲಮ್ಮಿಗೆ ಕೈಯಾರೆ ಹೆಚ್ಚು ಅಗಲ ಕೊಟ್ಟು, ಅಂಕಿಗಳನ್ನೆಲ್ಲ ಬಲಕ್ಕೆ ಹೊಂದಿಸಿ. ಪಟ್ಟಿ ಎರಡನೇ ಪುಟಕ್ಕೆ ಹೋಗುವುದಾದರೆ ‘ರಿಪೀಟ್ ಹೆಡರ್ ರೋಸ್’ ಆಯ್ಕೆ ಮರೆಯಬೇಡಿ. ಇಲ್ಲದಿದ್ದರೆ ಯಾವ ದರ ಸಿದ್ದಾಪುರದ್ದು, ಯಾವುದು ಯಲ್ಲಾಪುರದ್ದು ಎಂದು ಓದುಗ ಹಿಂದಿನ ಹಾಳೆ ತಿರುವಬೇಕು. ವೆಬ್ ಪುಟ ನಿಮ್ಮದೇ ಆದರೆ ಅಗಲವನ್ನು ಪಿಕ್ಸೆಲ್‌ನಲ್ಲಿ ಬರೆಯದೆ ಶೇಕಡಾ ಲೆಕ್ಕದಲ್ಲಿ ಬರೆಯಿರಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಕನ್ನಡಕ್ಕೆಂದೇ ಇನ್ನೊಂದು ಎಚ್ಚರ ಬೇಕು. ‘ಬೆಟ್ಟೆ’ಯ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿಟ್ಟ ಸಾಲಂತರ ಅದಕ್ಕೆ ಸಾಲದು. ವರ್ಡಿನಲ್ಲಿ ಸಾಲಂತರ ‘ಎಕ್ಸಾಕ್ಟ್ಲಿ’ ಎಂದಿದ್ದರೆ ಒತ್ತು ಕತ್ತರಿಸಿಹೋಗಬಹುದು, ಬ್ರೌಸರಿನಲ್ಲಾದರೆ ಕೆಳಗಿನ ಸಾಲಿನ ಮೇಲೆ ಹಾಯಬಹುದು. ‘ಅಟ್ ಲೀಸ್ಟ್’ ಎಂದು ಬದಲಿಸಿ. ಒತ್ತಿಗೆ ಬೇಕಾದಷ್ಟು ಜಾಗ ಸಾಲು ತಾನೇ ಮಾಡಿಕೊಳ್ಳುತ್ತದೆ. ಫಾಂಟನ್ನೂ ಎರಡೂ ಕಡೆ ಒಂದೇ ಇಡಿ. ತುಂಗಾದಲ್ಲಿ ಹಿಡಿಸಿದ ಪದ ನಿರ್ಮಲಾದಲ್ಲಿ ಅಷ್ಟೇ ಜಾಗದಲ್ಲಿ ಹಿಡಿಯುತ್ತದೆ ಎನ್ನುವಂತಿಲ್ಲ.

ಸ್ಪೇಸ್ ಒತ್ತಿ ಒತ್ತಿ ಅಂಕಿ ಸರಿಸುವುದನ್ನು ಮಾತ್ರ ದಯವಿಟ್ಟು ಬಿಡಿ. ಫಾಂಟ್ ಬದಲಾದ ಕೂಡಲೇ ಆ ಶ್ರಮವೆಲ್ಲ ನೀರಪಾಲು. ಒಂದು ದರ ಒಂದು ಚೌಕದಲ್ಲಿ ಭದ್ರವಾಗಿದ್ದರೆ ಪರದೆಯ ಮೇಲೆ ಹೇಗೋ ಕಾಗದದ ಮೇಲೂ ಹಾಗೆಯೇ ಚಾಲಿಯ ಬೆಲೆ ಚಾಲಿಗೇ ಸೇರುತ್ತದೆ. ಪಟ್ಟಿ ನಂಬಿ ಗಾಡಿಗೆ ಮೂಟೆ ಏರಿಸುವವನಿಗೆ ನಾವು ಕೊಡಬೇಕಾದ ಖಾತ್ರಿ ಅದು.