ಬಣ್ಣವಿಲ್ಲದ ಹುಲಿ

2021ರ ನವೆಂಬರಿನಲ್ಲಿ ತೆರೆಕಂಡ ‘ಗರುಡ ಗಮನ ವೃಷಭ ವಾಹನ’ದ ಹೆಸರೆತ್ತಿದರೆ ಈಗಲೂ ಮೂಗು ಮುರಿಯುವವರಿದ್ದಾರೆ. ರೌಡಿಗಳನ್ನು ಮೆರೆಸಿತು, ಮಂಗಳೂರಿನ ಹೆಸರು ಕೆಡಿಸಿತು ಎಂಬ ದೂರು. ನನಗಂತೂ ಒಪ್ಪಿಗೆಯಿಲ್ಲ.

ಕೊಲೆ ಮಾಡಿ ಬಂದ ರೌಡಿ ಶಿವ ಮಳೆಯಲ್ಲಿ ಹುಲಿಹೆಜ್ಜೆ ಹಾಕುವ ದೃಶ್ಯವನ್ನೇ ನೋಡಿ. ಮೈಗೆ ಬಣ್ಣವಿಲ್ಲ, ತಾಸೆಯ ಪೆಟ್ಟಿಲ್ಲ. ಕೇಳುವುದು ಮಾದಪ್ಪನ ಹಾಡು ‘ಸೋಜುಗದ ಸೂಜುಮಲ್ಲಿಗೆ’. ದಸರಾದ ಪಿಲಿವೇಷ ನೋಡುತ್ತಲೇ ಬೆಳೆದ ನಮಗೆ ಆ ಕುಣಿತ ಗೊತ್ತು, ಹೀಗೆ ಒಂಟಿಯಾಗಿ ಕುಣಿಯುವ ಹುಲಿ ಗೊತ್ತಿರಲಿಲ್ಲ. ಹೊಟ್ಟೆಯೊಳಗೆ ಚಳಿ ಹುಟ್ಟುತ್ತದೆ. (ನಾನು ನೋಡಿದ ದಿನ ಶಿಳ್ಳೆ ಹೊಡೆದವರೂ ಇದ್ದರು, ಅದು ಬೇರೆ ಮಾತು.) ಬರೆದು, ನಿರ್ದೇಶಿಸಿ, ಶಿವನಾಗಿ ನಟಿಸಿದ ರಾಜ್ ಬಿ. ಶೆಟ್ಟಿ ಆ ಕೊಲೆಗಾರನಿಗೆ ಒಂದು ಪಂಚ್ ಡೈಲಾಗನ್ನೂ ಕೊಡಲಿಲ್ಲ.

ಇದರಲ್ಲಿ ರಾಜಕೀಯ ಎಲ್ಲಿದೆ ಎನ್ನುವವರು ಇನ್‌ಸ್ಪೆಕ್ಟರ್ ಬ್ರಹ್ಮಯ್ಯನ ಮುಖ ನೋಡಬೇಕು. ಮೇಲಿನವರ ಒತ್ತಡಕ್ಕೆ ಸಿಕ್ಕ ಈ ಸಣಕಲ ಜೀವ ಗೆಳೆಯರಾದ ಹರಿ–ಶಿವರ ನಡುವೆ ಬಿರುಕು ಹುಡುಕುತ್ತಾನೆ. ಗೋಪಾಲಕೃಷ್ಣ ದೇಶಪಾಂಡೆ ಅವನ ಭಯವನ್ನು ಕಣ್ಣಲ್ಲೇ ಆಡಿದ್ದಾರೆ. ಮೊದಲರ್ಧ ಸ್ವಲ್ಪ ಎಳೆಯುತ್ತದೆ, ನಿಜ.

ಇನ್ನೊಮ್ಮೆ ನೋಡಿ, ಈ ಸಲ ಕಣ್ಣು ಬ್ರಹ್ಮಯ್ಯನ ಮೇಲಿರಲಿ.